ನನ್ನ ಅಡುಗೆಮನೆಯ ಕುರ್ಚಿಯಲ್ಲಿ ಕೂತ ಮೇಷ್ಟ್ರು

ಕಿಲ್ಬ್ರಾಕ್ ಜಹಗೀರಿನ ನ್ಯಾಯಾಸನ ಅಂದರೆ ಸುತ್ತ ಏಳು ಹಳ್ಳಿ ನಡುಗುತ್ತಿತ್ತಲ್ಲ, ಅದು ನನ್ನ ಅಡುಗೆಮನೆಯ ಕುರ್ಚಿ. ಮೂರು ವಾರಕ್ಕೊಮ್ಮೆ ಸೋಮವಾರ ಬೆಳಿಗ್ಗೆ ಅದನ್ನು ಒರೆಸಿ ಹೊರಗಿನ ಕೋಣೆಗೆ ಎತ್ತಿಡುತ್ತಿದ್ದೆ. ಮಿಕ್ಕ ದಿನಗಳಲ್ಲಿ ಅದರ ಮೇಲೆ ನನ್ನ ಕರಿ ಹೇಂಟೆ ಕಾವು ಕೂರುತ್ತಿತ್ತು. ಹೇಂಟೆ ಕೂತರೆ ಮರಿಯಾದರೂ ಆಗುತ್ತಿದ್ದವು.

ಮಲಾಕಿ ಟೋಲನ್ ಆ ಕುರ್ಚಿಯಲ್ಲಿ ಐದು ವರ್ಷ ಕೂತ. ಈಗ ಅವನ ಮಾತು ಬಂದರೆ, "ಪಾಪ, ಮನುಷ್ಯ ಒಳ್ಳೆಯವನೇ, ಕಾಲ ಕೆಟ್ಟದ್ದು" ಅನ್ನುವವರಿದ್ದಾರೆ. ಕಾಲದ ಮೇಲೆ ಹೊರೆಸುವುದು ಸುಲಭ, ಅದಕ್ಕೆ ತಿರುಗಿ ಬೈಯಲು ಬಾಯಿಲ್ಲ. ನಾನು ಸಬೀನಾ ಡರ್ಕನ್, ಸೇತುವೆ ಪಕ್ಕದ ವಿಸ್ಕಿ ಮನೆಯವಳು, ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಹೇಳಬೇಕಾಗಿದ್ದ ದಿನ ಹೇಳಲಿಲ್ಲ, ಆ ವಿಷಯವೂ ಇದರಲ್ಲೇ ಬರುತ್ತದೆ.

ಕೋರ್ಟಿಗೆಂದು ದೊರೆ ಒಂದು ಮನೆ ಕಟ್ಟಿಸಿರಲಿಲ್ಲ. ದೊರೆ ಇರುವುದು ಡಬ್ಲಿನ್ನಿನಲ್ಲಿ, ನಮ್ಮೂರು ಅವನಿಗೆ ಗೇಣಿ ಬರುವ ದಿನ ಮಾತ್ರ ನೆನಪಾಗುತ್ತಿತ್ತು. ಹಾಗಾಗಿ ಕೋರ್ಟು ನಡೆಯುತ್ತಿದ್ದದ್ದು ನನ್ನ ಮನೆಯಲ್ಲಿ. ಹೊರಗಿನ ಕೋಣೆಯಲ್ಲಿ ವಿಚಾರಣೆ, ಹಿಂದಿನ ಕೋಣೆಯಲ್ಲಿ ಐದು ಮಂದಿ ಪಂಚರು. ದಾವೆ ನಿಲ್ಲುವುದಿಲ್ಲ ಅನಿಸಿದರೆ ಪಂಚರಿಗೆ ಬಿಡದೆ ವಜಾ ಮಾಡುವ ಹಕ್ಕು ನ್ಯಾಯಾಧೀಶನದು. ಬಿಟ್ಟನೋ, ಅವರು ಒಮ್ಮತಕ್ಕೆ ಬರುವತನಕ ಕುಡಿಯಬಹುದು, ಕುಡಿದದ್ದರ ದುಡ್ಡು ಸೋತವನು ಕಟ್ಟಬೇಕು. ಗೆದ್ದವನು ಕುಡಿಸಿದರೆ ಲಂಚ, ಸೋತವನು ಕುಡಿಸಿದರೆ ಪದ್ಧತಿ! ನಾನು ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದೆ, ಒಂದು ಲೋಟಕ್ಕೆ ಒಂದು ಗೆರೆ. ಗಂಡ ಸತ್ತ ಮೇಲೆ ನನ್ನ ಇಬ್ಬರು ಹೆಣ್ಣುಮಕ್ಕಳು ಬೆಳೆದದ್ದು ಆ ಗೆರೆಗಳಿಂದ.

ಮಲಾಕಿ ಮೊದಲು ಮೇಷ್ಟ್ರು. ದಿಬ್ಬದ ಹಿಂದಿನ ಕೊಟ್ಟಿಗೆಯಲ್ಲಿ ನಲವತ್ತು ಮಕ್ಕಳಿಗೆ ಕಲಿಸುತ್ತಿದ್ದ. ಒಂದೊಂದು ಮಗುವೂ ಬರುವಾಗ ಕಂಕುಳಲ್ಲಿ ಒಲೆಗೆ ಹಾಕುವ ಒಂದು ಜೌಗುಮಣ್ಣಿನ ಹೆಂಟೆ ತರಬೇಕು, ಅದೇ ಶುಲ್ಕ. ತೆಳ್ಳಗೆ ಉದ್ದಕ್ಕೆ ಇದ್ದ, ಎದುರಿಗೆ ಭಿಕ್ಷುಕ ಬಂದರೂ ಹ್ಯಾಟು ತೆಗೆಯುತ್ತಿದ್ದ. ಅವನ ಹೆಂಡತಿ ವಿನಿ, ನೇಕಾರ ಫೇಲಿಮ್ ರೂಆನ್‌ನ ಅಕ್ಕ. ಫೇಲಿಮ್‌ಗೆ ತುಂಡು ಭೂಮಿ ಇರಲಿಲ್ಲ, ಇದ್ದದ್ದು ಅಪ್ಪ ಬಿಟ್ಟುಹೋದ ಒಂದು ಮಗ್ಗ. ಅಕ್ಕನ ಮದುವೆ ಖರ್ಚು ತೂಗಿಸಿದ್ದೂ ಆ ಮಗ್ಗದಿಂದಲೇ. ಭಾವ ಅಂದರೆ ಅವನಿಗೆ ಪ್ರಾಣ.

ಲಂಡನ್ನಿನಲ್ಲಿ ಮುದಿ ರಾಜ ಸತ್ತು ಎಳೆಯ ರಾಣಿ ಪಟ್ಟಕ್ಕೆ ಬಂದ ವರ್ಷ ನಮ್ಮ ಹಳೆಯ ನ್ಯಾಯಾಧೀಶ ಕುಡಿದು ಜೌಗಿನ ಗುಂಡಿಗೆ ಬಿದ್ದು ಸತ್ತ. ಹೊಸಬನನ್ನು ಇಡುವುದು ದೊರೆಯ ಹಕ್ಕು, ಅಂದರೆ ದೊರೆಯ ಏಜೆಂಟ್ ಕ್ರಾಂಪ್ಟನ್‌ನ ಹಕ್ಕು. ಕಾನೂನು ಓದಿರಬೇಕು ಅಂತ ಯಾರೂ ಕೇಳುತ್ತಿರಲಿಲ್ಲ. ಅವನಿಗೆ ಯಾರನ್ನು ಕಂಡರೆ ಸರಿಯೋ ಅವರು ನ್ಯಾಯಾಧೀಶರು.

ನನ್ನ ಮನೆಯಲ್ಲೇ ಊರವರು ಸೇರಿದರು. ಫೇಲಿಮ್ ಬೆಂಚಿನ ಮೇಲೆ ಹತ್ತಿ ನಿಂತ.

"ನಮ್ಮ ಮೇಷ್ಟ್ರು ಇದಾರಲ್ರೋ! ಲ್ಯಾಟಿನ್ ಬರುತ್ತೆ, ಇಂಗ್ಲಿಷ್ ಬರುತ್ತೆ, ನಮ್ಮ ಮಾತು ಬರುತ್ತೆ. ಆ ಮುದುಕಂಗೆ ನಮ್ಮ ಮಾತೇ ತಿಳೀತಿರ್ಲಿಲ್ಲ. ನಾವು 'ಕೊಟ್ಟಾಯ್ತು ಸ್ವಾಮಿ' ಅಂದ್ರೆ 'ಕೊಡ್ತೀನಿ ಅಂತ ಒಪ್ಕೊಂಡ' ಅಂತ ಬರ್ಕೊಳೋನು."

"ಕ್ರಾಂಪ್ಟನ್ ಬರಿಗೈಲಿ ಹೋದ್ರೆ ಬಾಗಿಲು ತೆಗೀತಾನೇನೋ?" ಅಂದೆ ನಾನು.

"ಮತ್ತೆ ನನ್ನ ಮಗ್ಗ ಇರೋದು ಯಾತಕ್ಕೆ ಸಬೀನಕ್ಕ?"

ಮಾತಿಗೆ ತಪ್ಪಲಿಲ್ಲ ಪುಣ್ಯಾತ್ಮ. ಅಂಗಡಿಯ ಫೆಸ್ಟಸ್ ಜೋರ್ಡನ್ ಹತ್ತಿರ ಒಳ್ಳೆ ಉಣ್ಣೆನೂಲು ಸಾಲ ತಂದು ಇಪ್ಪತ್ತು ಗಜ ಬೂದುನೀಲಿ ಬಟ್ಟೆ ನೇಯ್ದ. ಅಂಥ ಬಟ್ಟೆ ನಮ್ಮ ಕಡೆ ಹಿಂದೆ ಯಾರೂ ನೇಯ್ದಿರಲಿಲ್ಲ. ಅದನ್ನು ಹೆಗಲ ಮೇಲೆ ಹೊತ್ತು ಏಜೆಂಟನ ಹೆಂಡತಿಗೆ ಕೊಟ್ಟು ಬಂದ. ಹತ್ತೇ ದಿನಕ್ಕೆ ಮಲಾಕಿಗೆ ಕಾಗದ ಬಂತು, ಜೊತೆಗೆ ಸ್ಲೇಟು ಕಲ್ಲಿನ ಚಾವಣಿಯ ಮನೆಯ ಬೀಗದ ಕೈಯೂ ಬಂತು. ಆ ಮನೆ ಹುದ್ದೆ ಇರುವತನಕ.

ಅವನನ್ನು ಸೇತುವೆಯಿಂದ ನನ್ನ ಮನೆತನಕ ಹೆಗಲ ಮೇಲೆ ಹೊತ್ತು ತಂದರು. ಕುರ್ಚಿಯ ಮೇಲೆ ಕೈಯಿಟ್ಟು ಅವನು ಹೇಳಿದ: "ಇದರ ಮೇಲೆ ಕೂತು ಬಡವರ ಬಾಯಿಂದ ತುತ್ತು ಕಸಿದ್ರೆ ನನ್ನ ನಾಲಿಗೆ ಬಿದ್ದುಹೋಗ್ಲಿ." ವಿನಿ ಅತ್ತಳು. ನಾನೂ ಅತ್ತೆ, ನನಗೇನು ಬಂದಿತ್ತೋ.

ಆ ಚಳಿಗಾಲಕ್ಕೆ ಮುಂಚೆ ಒಂದು ಸಂತೆಯ ದಿನ ಫೇಲಿಮ್ ಜೋರ್ಡನ್ನನ ಸಾಲ ತೀರಿಸಿದ. ನಮ್ಮ ಕಡೆ ಸಾಲಕ್ಕೆ ಕಡ್ಡಿಯೇ ಪತ್ರ. ಒಂದು ಹಸಿ ಕಡ್ಡಿಗೆ ಸಾಲದಷ್ಟು ಕಚ್ಚು ಹಾಕಿ ಉದ್ದಕ್ಕೆ ಸೀಳುವುದು, ಅರ್ಧ ಕೊಟ್ಟವನ ಹತ್ತಿರ, ಅರ್ಧ ತಗೊಂಡವನ ಹತ್ತಿರ. ತೀರಿದ ದಿನ ಎರಡೂ ಹೋಳು ಸೇರಿಸಿ ನೋಡಿ ಒಲೆಗೆ ಹಾಕುವುದು. ತೀರಿದ ಸಾಲದ ಕಡ್ಡಿ ಮನೆಯಲ್ಲಿದ್ದರೆ ಸಾಲ ಮತ್ತೆ ಮನೆ ಹುಡುಕಿಕೊಂಡು ಬರುತ್ತದೆ ಅಂತ ನಮ್ಮ ಹಿರಿಯರು ಹೇಳಿಬಿಟ್ಟಿದ್ದರು. ಎಂಥಾ ಬುದ್ಧಿ ನೋಡಿ! ಸಾಲ ಇರುವತನಕ ಪುರಾವೆ ಉಂಟು, ತೀರಿಸಿದ ಮೇಲೆ ಒಂದು ಹಿಡಿ ಬೂದಿ.

ಸುಟ್ಟದ್ದು ನನ್ನ ಒಲೆಯಲ್ಲೇ. ಜೋರ್ಡನ್ ದುಡ್ಡು ಎಣಿಸಿ ಜೇಬಿಗೆ ಹಾಕಿಕೊಂಡ. ಮಲಾಕಿ ಎರಡು ಹೋಳನ್ನೂ ಬೆಂಕಿಯ ಬೆಳಕಿಗೆ ಹಿಡಿದು, ಮೇಷ್ಟ್ರ ಬುದ್ಧಿ ಎಲ್ಲಿ ಹೋಗಬೇಕು, ಕಚ್ಚುಗಳನ್ನು ಬೆರಳಿಟ್ಟು ಎಣಿಸಿದ. "ಸರಿಯಾಗಿದೆ, ಹಾಕು" ಅಂದ. ವ್ಯವಹಾರ ಮುಗಿಯಿತು ಅನ್ನುವ ಗುರುತಿಗೆ ಜೋರ್ಡನ್ ಅಂಗೈಗೆ ಉಗುಳಿಕೊಂಡು ಫೇಲಿಮ್‌ನ ಕೈ ಕುಲುಕಿದ. ನಾನು ಮೂವರಿಗೂ ಒಂದೊಂದು ಲೋಟ ಕೊಟ್ಟೆ.

ಇನ್ನು ಮಲಾಕಿಯ ಸಂಬಳದ ಮಾತು. ಸಂಬಳವೇ ಇರಲಿಲ್ಲ! ದೊರೆ ಕೊಡುವುದಿಲ್ಲ, ರಾಣಿ ಕೊಡುವುದಿಲ್ಲ. ವಾದಿಯ ಪರ ಡಿಕ್ರಿ ಆದರೆ ವಾದಿ ಹದಿನೆಂಟು ಪೆನ್ಸ್ ಮೇಜಿನ ಮೇಲಿಡಬೇಕು, ಅದೇ ನ್ಯಾಯಾಧೀಶನ ಕೂಲಿ. ದಾವೆ ವಜಾ ಆಯಿತೋ, ಬರೀ ಕೈ. ಬೇಲಿಗೆ ಹೊಲ ಮೇಯಿ ಅಂತ ಅಪ್ಪಣೆ ಕೊಟ್ಟೇ ನೆಟ್ಟ ಹಾಗೆ.

ಮೊದಲ ವರ್ಷ ಮಲಾಕಿ ಮೇಯಲಿಲ್ಲ. ಕೇಳಿದ್ದನ್ನೇ ಎರಡು ಸಲ ಕೇಳುತ್ತಿದ್ದ, ನಮ್ಮ ಮಾತಿನಲ್ಲೇ ಕೇಳುತ್ತಿದ್ದ. ಒಂದು ಸೋಮವಾರ ಹದಿನಾರು ದಾವೆಯಲ್ಲಿ ಹನ್ನೊಂದು ವಜಾ ಮಾಡಿದ. ಜನ ಕೂಗಿದ್ದೇ ಕೂಗಿದ್ದು, ನನ್ನ ಕಿಟಕಿಯ ಗಾಜು ಅದುರಿತು. ಮಾರನೆಯ ದಿನ ವಿನಿ ಹಿಟ್ಟು ಸಾಲ ಕೇಳಲು ಬಂದಳು.

"ಊರೆಲ್ಲ ನಿನ್ನ ಗಂಡನ್ನ ಹೊಗಳ್ತಿದೆ ಕಣೇ" ಅಂದೆ.

"ಹೊಗಳಿಕೆ ಬೇಯಿಸಿ ಬಡಿಸಕ್ಕಾಗುತ್ತಾ ಸಬೀನಕ್ಕ? ಶಾಲೆಯಲ್ಲಿದ್ದಾಗ ಒಲೆಗೆ ಹೆಂಟೆಯಾದ್ರೂ ಬರ್ತಿತ್ತು."

ಶಾಲೆ ಹೋಗಿತ್ತು. ನ್ಯಾಯಾಧೀಶ ಬರಿಗಾಲಿನ ಮಕ್ಕಳಿಗೆ ಪಾಠ ಹೇಳಬಾರದು ಅಂತ ಕ್ರಾಂಪ್ಟನ್ ಅದನ್ನು ಬೇರೆಯವನಿಗೆ ಕೊಡಿಸಿದ್ದ. ಅತ್ತ ಹೊಳೆಯಾಚೆ ಇನ್ನೊಬ್ಬ ದೊರೆಯ ಕೋರ್ಟಿತ್ತು. ಅಲ್ಲಿಯ ನ್ಯಾಯಾಧೀಶ ವಾದಿಯ ಹೆಸರು ಕೇಳುವ ಮೊದಲೇ ಡಿಕ್ರಿ ಬರೆಯುತ್ತಿದ್ದ. ಜೋರ್ಡನ್ನನಿಗೆ ಹೊಳೆಯಾಚೆ ಒಂದು ಉಗ್ರಾಣ ಇತ್ತು, ಸಾಲ ಅಲ್ಲೇ ಹುಟ್ಟಿತು ಅಂದುಬಿಟ್ಟರೆ ಮುಗಿಯಿತು. ತನ್ನ ದಾವೆಗಳನ್ನೆಲ್ಲ ಅಲ್ಲಿಗೆ ಒಯ್ದ. ಉಳಿದ ಅಂಗಡಿಯವರು ಅವನ ಹಿಂದೆ ಹೋದರು. ಒಂದು ಸೋಮವಾರವಂತೂ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಮಲಾಕಿ ಒಬ್ಬನೇ ಕುರ್ಚಿಯಲ್ಲಿ ಕೂತು ಲೇಖನಿ ಹೆರೆದ. ನನ್ನ ಬಾಗಿಲ ಹಿಂದೆ ಒಂದು ಗೆರೆ ಬೀಳಲಿಲ್ಲ.

ಕ್ರಾಂಪ್ಟನ್ನನಿಂದ ಚೀಟಿ ಬಂತು. ಸಂತ ಪ್ಯಾಟ್ರಿಕ್ಕನ ಹಬ್ಬದೊಳಗೆ ಕೋರ್ಟು ತುಂಬದಿದ್ದರೆ ಅದನ್ನು ಹೊಳೆಯಾಚೆಯದಕ್ಕೆ ಸೇರಿಸುವುದು, ಮನೆಯ ಬೀಗದ ಕೈ ವಾಪಸು ಕೊಡುವುದು.

ಚೀಟಿ ಬಂದ ಮೂರನೆಯ ದಿನ ಮಲಾಕಿ ಜೋರ್ಡನ್ನನ ಅಂಗಡಿಗೆ ಹೋದದ್ದನ್ನು ನಾನೇ ನೋಡಿದೆ. ಹ್ಯಾಟು ಕೈಯಲ್ಲಿತ್ತು. ಒಳಗೆ ಏನು ಮಾತಾಯಿತೋ ನಾನು ಕೇಳಿಲ್ಲ. ಮುಂದಿನ ಸೋಮವಾರ ಮೂವತ್ತೊಂದು ದಾವೆ ಬಂದವು, ಮೂವತ್ತೊಂದೂ ಡಿಕ್ರಿ. ಒಬ್ಬ ಮುದುಕಿ "ಮೇಷ್ಟ್ರೇ, ನನ್ನ ಮೊಮ್ಮಗಂಗೆ ಅಕ್ಷರ ಕಲಿಸಿದೋರು ನೀವು" ಅಂತ ಅಂಗಲಾಚಿದಳು. ಅವನು ಕಾಗದದಿಂದ ತಲೆಯೆತ್ತದೆ "ಮುಂದಿನವರು" ಅಂದ. ಸಂಜೆ ನನ್ನ ಬಾಗಿಲ ಹಿಂದೆ ಗೆರೆ ಎಳೆಯಲು ಜಾಗ ಸಾಲಲಿಲ್ಲ, ಕಿಟಕಿಯ ಹಲಗೆ ಮೇಲೂ ಎಳೆದೆ. ನನ್ನ ಹಿರಿ ಮಗಳಿಗೆ ಆ ವಾರ ಬೂಟು ಕೊಡಿಸಿದೆ.

ಆಮೇಲೆ ಸ್ಲೇಟಿನ ಮನೆಗೆ ಜೋರ್ಡನ್ನನ ಗಾಡಿ ಹೋಗತೊಡಗಿತು. ಚಹಾ, ಸಕ್ಕರೆ, ಮೇಣದಬತ್ತಿ, ಉಪ್ಪು ಹಾಕಿದ ಹಂದಿಯ ತೊಡೆ. ಒಂದು ದಿನ ನನ್ನ ಬಾಗಿಲಲ್ಲೇ ಮಲಾಕಿ ತೊದಲಿದ: "ಇದನ್ನೆಲ್ಲ ಬರೆದಿಟ್ಕೊಳ್ಳಿ, ಕೊಡ್ತೀನಿ."

ಜೋರ್ಡನ್ ಅವನ ಭುಜ ತಟ್ಟಿದ. "ಮನೆಯವರ ಹತ್ರ ಬರೆಯೋದೇನು ಸ್ವಾಮಿ? ಒಯ್ಯಿರಿ, ಒಯ್ಯಿರಿ."

ಫೇಲಿಮ್ ಮಾತ್ರ ಜೋರ್ಡನ್ನನ ಕೈಗೆ ಸಿಗದೆ ಉಳಿದಿದ್ದ. ಬಟ್ಟೆಯನ್ನು ತಾನೇ ಬ್ಯಾಲಿನಾ ಪೇಟೆಗೆ ಹೊತ್ತು ಮಾರುತ್ತಿದ್ದ, ಅವನ ದಾರಿ ಹಿಡಿದು ಇನ್ನೂ ನಾಲ್ಕು ನೇಕಾರರು ಹೋಗತೊಡಗಿದರು. ಜೋರ್ಡನ್ ನನ್ನ ಮನೆಯಲ್ಲೇ ಅವನನ್ನು ಕೂರಿಸಿಕೊಂಡು ಕೇಳಿದ: "ನನ್ನ ಅಂಗಡಿಗೆ ಕೊಡೋಕೆ ಏನೋ ರೋಗ ನಿಂಗೆ?"

"ನಿನ್ನ ಗಜಕ್ಕೆ ಉದ್ದ ಜಾಸ್ತಿ, ನಿನ್ನ ಶಿಲಿಂಗ್‌ಗೆ ಗಿಡ್ಡ ಜಾಸ್ತಿ ಕಣಯ್ಯ" ಅಂದ ಫೇಲಿಮ್. ಮನೆಯೆಲ್ಲ ನಕ್ಕಿತು. ಜೋರ್ಡನ್ನೂ ನಕ್ಕ, ಲೋಟ ಮುಗಿಸಿ ಎದ್ದುಹೋದ. ಮೂರು ವಾರಕ್ಕೆ ಫೇಲಿಮ್‌ಗೆ ನೋಟೀಸು ಬಂತು. ಎರಡು ವರ್ಷದ ಹಿಂದೆ ತಂದ ಉಣ್ಣೆನೂಲಿನ ಸಾಲ ತೀರಿಲ್ಲ, ಬಡ್ಡಿ ಸೇರಿ ಇಷ್ಟು.

ಯಾವ ನೂಲು? ಮಲಾಕಿಯನ್ನು ಕುರ್ಚಿಯ ಮೇಲೆ ಕೂರಿಸಿದ ಆ ಬಟ್ಟೆಯ ನೂಲು!

ಸೋತರೆ ಮಗ್ಗ ಹೋಗುತ್ತದೆ, ಜಪ್ತಿ ಮಾಡಲು ಅವನ ಹತ್ತಿರ ಬೇರೇನೂ ಇಲ್ಲ ಅಂತ ಊರಿಗೆಲ್ಲ ಗೊತ್ತಿತ್ತು. ಫೇಲಿಮ್ ಮಾತ್ರ ನಗುನಗುತ್ತಾ ಬಂದ. ಒಗೆದ ಅಂಗಿ, ಬಾಚಿದ ತಲೆ.

"ಪಂಚರಿಗೆ ಈಗಲೇ ಕೊಟ್ಬಿಡು ಸಬೀನಕ್ಕ. ಇವತ್ತು ಕಟ್ಟೋನು ಜೋರ್ಡನ್."

ಜೋರ್ಡನ್ನನ ಅಣ್ಣನ ಮಗ ಆಂಬ್ರೋಸ್, ಶಾಯಿಯ ಕೈಯ ಹುರುಪಿನವನು, ಅಂಗಡಿಯ ಪುಸ್ತಕ ತೆರೆದು ಓದಿದ. ಕೊಟ್ಟದ್ದು ಬರೆದಿತ್ತು, ಬಂದದ್ದು ಬರೆದಿರಲಿಲ್ಲ.

"ಏನಂತೀಯ?" ಅಂದ ಮಲಾಕಿ.

"ಏನನ್ನೋದು ಭಾವ? ಇದೇ ಒಲೆಗೆ ಹಾಕಿದ್ವಿ ಕಡ್ಡೀನ. ನೀನೇ ಅಲ್ವಾ ಕಚ್ಚು ಎಣಿಸಿದ್ದು?"

"ಇಲ್ಲಿ ಭಾವ ಅನ್ನಬೇಡ. ಸ್ವಾಮಿ ಅನ್ನು."

ಫೇಲಿಮ್ ಅದನ್ನೂ ತಮಾಷೆ ಅಂದುಕೊಂಡ. ಸೊಂಟ ಬಗ್ಗಿಸಿ, "ಆಯ್ತು ಸ್ವಾಮಿ. ಕಚ್ಚು ಎಣಿಸಿದ್ದು ಸ್ವಾಮಿಯೋರೇ" ಅಂದ. ಜನ ನಕ್ಕರು.

ಮಲಾಕಿ ನಗಲಿಲ್ಲ. "ಈ ಕುರ್ಚಿಯಲ್ಲಿ ಕೂತೋನು ಸಾಕ್ಷಿ ಹೇಳೋ ಹಾಗಿಲ್ಲ. ನಾನೇನು ನೋಡಿದೀನಿ ಅನ್ನೋದು ಇಲ್ಲಿ ಬರಲ್ಲ. ಬೇರೆ ಯಾರಾದ್ರೂ ನೋಡಿದ್ರೆ ಕರಿ."

ಹಾಗಂದು ನನ್ನ ಕಡೆ ನೋಡಿದ. ಸ್ವಲ್ಪ ಹೊತ್ತೇ ನೋಡಿದ.

"ಇದಾಳಲ್ಲ ಸಬೀನಕ್ಕ! ಹೇಳಕ್ಕ, ಎಲ್ರಿಗೂ ಕೇಳೋ ಹಾಗೆ ಹೇಳು."

ನನ್ನ ಪರವಾನಗಿಗೆ ವರ್ಷವರ್ಷ ಕ್ರಾಂಪ್ಟನ್ನನ ಒಳ್ಳೆ ಮಾತು ಬೇಕಿತ್ತು. ನನ್ನ ಪೀಪಾಯಿ ತುಂಬುತ್ತಿದ್ದವನು ಜೋರ್ಡನ್. ಕೋರ್ಟು ಹೊಳೆಯಾಚೆ ಹೋದರೆ ನನ್ನ ಮಕ್ಕಳಿಗೆ ಬೂಟಲ್ಲ, ಕಾಲು ಮಾತ್ರ ಉಳಿಯುತ್ತಿತ್ತು. ಇದನ್ನೆಲ್ಲ ಆಮೇಲೆ ಜೋಡಿಸಿಕೊಂಡೆನೋ ಆಗಲೇ ಹೊಳೆಯಿತೋ, ದೇವರಾಣೆ ಗೊತ್ತಿಲ್ಲ. ಬಾಯಿಂದ ಬಂದದ್ದು ಇಷ್ಟು:

"ಅವತ್ತು ಸಂತೆ ದಿನ. ಒಲೆ ಮುಂದೆ ಹತ್ತಾರು ಜನ ಇದ್ರು. ಯಾರು ಏನು ಸುಟ್ರೋ, ನಾನು ಲೋಟ ತೊಳೀತಿದ್ದೆ."

ಅಡ್ಡಗೋಡೆಯ ಮೇಲೆ ದೀಪ ಇಟ್ಟೆ. ಫೇಲಿಮ್ ನನ್ನನ್ನು ನೋಡಿದ, ನಾನು ಲೋಟ ನೋಡಿದೆ. ಪಂಚರು ಒಳಗೆ ಹೋಗಿ ಹನ್ನೊಂದು ಲೋಟ ಕುಡಿದು ಬಂದರು. ಡಿಕ್ರಿ. ಹನ್ನೊಂದು ಗೆರೆಯ ದುಡ್ಡನ್ನು ಫೇಲಿಮ್‌ನಿಂದಲೇ ತೆಗೆದುಕೊಂಡೆ, ಅವತ್ತು ಜೇಬಲ್ಲಿ ಇದ್ದದ್ದು ಕೊಟ್ಟ, ಸಾಲದ್ದಕ್ಕೆ ಮೇಲಂಗಿ ಬಿಚ್ಚಿಟ್ಟ. ಜೋರ್ಡನ್ ಮೇಜಿನ ಮೇಲೆ ಒಂದು ಶಿಲಿಂಗ್, ಒಂದು ಆರು ಪೆನ್ಸಿನ ನಾಣ್ಯ ಇಟ್ಟ, ಎರಡೂ ಸೇರಿ ಹದಿನೆಂಟು ಪೆನ್ಸ್. ಮಲಾಕಿ ಅದನ್ನು ಎತ್ತಿಕೊಂಡ.

ಮಗ್ಗ ಒಯ್ಯಲು ಬಂದ ಅಮೀನರಿಗೆ ಅದನ್ನು ಬಿಚ್ಚಲು ಬರಲಿಲ್ಲ. ಕೊಡಲಿ ತೆಗೆದರು. ಕೊಡಲಿ ಕಂಡು ಫೇಲಿಮ್ ಓಡಿಬಂದು, ಬೆಣೆ ಇಲ್ಲಿ ಇದೆ, ಇದನ್ನು ಮೊದಲು ಎಳೆಯಿರಿ, ಲಾಳಿ ಹುಷಾರು ಅಂತ ತಾನೇ ತೋರಿಸಿ ಬಿಚ್ಚಿಕೊಟ್ಟ. ಸೇತುವೆ ಮೇಲೆ ಹರಾಜು. ಜೋರ್ಡನ್ ನಿಂತಿದ್ದಾಗ ಬೇರೆ ಯಾರು ಕೂಗುತ್ತಾರೆ? ಐದು ಶಿಲಿಂಗ್‌ಗೆ ಅವನೇ ಹಿಡಿದ. ಐದು ಶಿಲಿಂಗ್‌ಗೆ ಸಾಲ ಎಲ್ಲಿ ತೀರಬೇಕು? ಉಳಿದದ್ದಕ್ಕೆ ಫೇಲಿಮ್ ಜೋರ್ಡನ್ನನ ಕೊಟ್ಟಿಗೆಯಲ್ಲಿ ಕೂತು ನೇಯಬೇಕಾಯಿತು, ಅಪ್ಪ ಬಿಟ್ಟುಹೋದ ಅದೇ ಮಗ್ಗದ ಮೇಲೆ, ಕೂಲಿಗೆ. ಜೋರ್ಡನ್ ಗಿರಾಕಿಗಳನ್ನು ಕರೆತಂದು ತೋರಿಸುತ್ತಿದ್ದ: "ಉದ್ದ ನಾಲಿಗೆ ಇದ್ದೋನು ನೋಡಿ, ಹೆಂಗೆ ಗಪ್‌ಚಿಪ್ ನೇಯ್ತಾನೆ."

ಆ ಸೋಮವಾರ ಸಂಜೆ ಸ್ಲೇಟಿನ ಮನೆಯಲ್ಲಿ ಏನಾಯಿತು ಅಂತ ವಿನಿಯೇ ನನಗೆ ಹೇಳಿದ್ದಾಳೆ. ಮಲಾಕಿ ಆ ಶಿಲಿಂಗನ್ನೂ ಆರು ಪೆನ್ಸನ್ನೂ ಎಂದಿನಂತೆ ಅವಳ ಕೈಗೆ ಕೊಟ್ಟ. ಅವಳು ಆಲೂಗಡ್ಡೆ ಬೇಯಿಸಿ ತಟ್ಟೆಗೆ ಹಾಕಿ, ನಡುವೆ ಆ ಎರಡು ನಾಣ್ಯ ಇಟ್ಟು ಬಡಿಸಿದಳು.

"ಏನಿದು?"

"ನನ್ನ ತಮ್ಮ. ಉಣ್ಣಿ."

ಅವನು ನಾಣ್ಯಗಳನ್ನು ಅಂಚಿಗೆ ಸರಿಸಿ ಉಂಡ. ಅದೇ ನನಗೆ ಅಸಹ್ಯ. ತಟ್ಟೆ ಎಸೆಯಬಹುದಿತ್ತು, ಅವಳನ್ನು ಹೊಡೆಯಬಹುದಿತ್ತು, ಅಳಬಹುದಿತ್ತು. ಉಂಡ! ಮಾರನೆಯ ದಿನವೂ ತಟ್ಟೆಯಲ್ಲಿ ಅವೇ ನಾಣ್ಯ. ಮೂರು ವರ್ಷ ಒಂದು ಊಟವೂ ಅವಿಲ್ಲದೆ ಬಡಿಸಲಿಲ್ಲ ಅವಳು, ತೊಳೆದು ಒರೆಸಿ ಮತ್ತೆ ಇಡುತ್ತಿದ್ದಳು. ಅವನು ದಿನಾ ಸರಿಸಿ ಉಂಡು ದಪ್ಪಗಾದ. ಕುತ್ತಿಗೆಗೆ ಕೊರಳಪಟ್ಟಿ ಬಿಗಿಯಾಯಿತು, ಹ್ಯಾಟು ತಲೆಯಿಂದ ಇಳಿಯುವುದೇ ನಿಂತಿತು. ದಾವೆಗಳು ಹೊಳೆಯಾಚೆಯಿಂದಲೂ ನಮ್ಮ ಕಡೆಗೇ ಬರತೊಡಗಿದವು.

ಉಪ್ಪು ತಿಂದವನು ನೀರು ಕುಡಿಯಲೇಬೇಕು. ಆಂಬ್ರೋಸ್ ಬೆಳೆದಿದ್ದ, ಅವನಿಗೊಂದು ಕುರ್ಚಿ ಬೇಕಿತ್ತು. ಜೋರ್ಡನ್ ಏಜೆಂಟನಿಗೆ ಒಂದು ಕುದುರೆ ಕೊಟ್ಟ. ಇಪ್ಪತ್ತು ಗಜ ಬಟ್ಟೆಗೆ ಬಂದ ಹುದ್ದೆ ಒಂದು ಕುದುರೆಗೆ ಹೋಯಿತು. ಕಾರಣ ಹೇಳಬೇಕಾಗಿರಲಿಲ್ಲ, ಇಟ್ಟವನಿಗೆ ತೆಗೆಯುವ ಹಕ್ಕೂ ಇತ್ತು. ಎರಡು ಸಾಲಿನ ಕಾಗದ ಬಂತು, ಬೀಗದ ಕೈ ಹೋಯಿತು. ಮಲಾಕಿಯೂ ವಿನಿಯೂ ಸಾಮಾನು ಕಟ್ಟಿಕೊಂಡು, ಖಾಲಿ ಬಿದ್ದಿದ್ದ ಹಳೇ ಶಾಲೆಯ ಕೊಟ್ಟಿಗೆ ಸೇರಿದರು. ವಾರ ಕಳೆಯುವುದರೊಳಗೆ ಅಲ್ಲಿಗೆ ನೋಟೀಸು ಬಂತು. ಚಹಾ, ಸಕ್ಕರೆ, ಮೇಣದಬತ್ತಿ, ಹಂದಿಯ ತೊಡೆ, ನಾಲ್ಕು ವರ್ಷದ್ದು, ಒಂಬತ್ತು ಪೌಂಡು. ಮನೆಯವರ ಹತ್ತಿರ ಬರೆಯುವುದೇನು ಅಂದವನು ಒಂದೊಂದು ಬತ್ತಿಯನ್ನೂ ಬರೆದಿಟ್ಟಿದ್ದ!

ಆ ಸೋಮವಾರ ನನ್ನ ಮನೆಯಲ್ಲಿ ಕಾಲಿಡಲು ಜಾಗ ಇರಲಿಲ್ಲ. ಐದು ವರ್ಷದಲ್ಲಿ ಆ ಕುರ್ಚಿಯಿಂದ ಹಸು ಕಳಕೊಂಡವರು, ಹಾಸಿಗೆ ಕಳಕೊಂಡವರು, ಬಾಗಿಲು ಕಳಕೊಂಡವರು ಎಲ್ಲ ಬಂದಿದ್ದರು. ಕುರ್ಚಿಯಲ್ಲಿ ಆಂಬ್ರೋಸ್. ತನ್ನ ಚಿಕ್ಕಪ್ಪನ ದಾವೆ ತಾನೇ ಕೇಳುತ್ತಿದ್ದ, ನಾಚಿಕೆ ಅನ್ನುವುದು ಆ ಮನೆತನಕ್ಕೆ ಗೊತ್ತೇ ಇರಲಿಲ್ಲ. ಫೇಲಿಮ್ ನಿಂತಿದ್ದ ಜಾಗದಲ್ಲಿ ಮಲಾಕಿ ನಿಂತಿದ್ದ, ಹ್ಯಾಟು ಮತ್ತೆ ಕೈಗೆ ಬಂದಿತ್ತು.

"ಅದೆಲ್ಲ... ಅವರಾಗೇ ಕಳಿಸಿದ್ದು. ಉಡು... ಉಡುಗೊರೆ ಅಂತ."

ಆಂಬ್ರೋಸ್ ಲೇಖನಿ ಅದ್ದಿದ. "ಉಡುಗೊರೆ? ನ್ಯಾಯಾಧೀಶರಿಗೆ, ವಾದಿ ಕೊಟ್ಟದ್ದು? ಯಾತಕ್ಕೆ ಕೊಟ್ರು, ಸ್ವಲ್ಪ ಬಿಡಿಸಿ ಹೇಳಿ ಮೇಷ್ಟ್ರೇ. ನಿಧಾನಕ್ಕೆ ಹೇಳಿ, ಬರ್ಕೋತೀನಿ."

ಮನೆ ಬಿದ್ದುಹೋಗುವ ಹಾಗೆ ನಕ್ಕರು. "ಹೇಳಿ ಮೇಷ್ಟ್ರೇ!" "ಪಾಠ ಮರೆತೋಯ್ತಾ?" "ಕಿವಿ ಹಿಂಡ್ರೋ, ನೆನಪಾಗುತ್ತೆ!" ಯಾರೋ ಹಿಂದಿನಿಂದ ನಿಜವಾಗಿಯೂ ಅವನ ಕಿವಿ ಹಿಂಡಿದರು. ಉಡುಗೊರೆ ಅಂದರೆ ಲಂಚ ತಿಂದೆ ಅಂತ ಬರೆಯಿಸಿದ ಹಾಗೆ, ಸಾಲ ಅಂದರೆ ಮೈಮೇಲಿನ ಬಟ್ಟೆಯೂ ಉಳಿಯುವುದಿಲ್ಲ.

"ಸಾಲ" ಅಂದ ಮಲಾಕಿ.

ಪಂಚರು ಒಳಗೆ ಹೋಗುವ ಗೋಜಿಗೇ ಹೋಗಲಿಲ್ಲ, ಕೂತಲ್ಲೇ ಕುಡಿದರು. ಡಿಕ್ರಿ ಕೂಗಿದ ಮೇಲೆ ಬಾಗಿಲ ಹತ್ತಿರದಿಂದ ಫೇಲಿಮ್‌ನ ದನಿ ಕೇಳಿತು. ತಲೆಗೂದಲಲ್ಲಿ ಉಣ್ಣೆಯ ಎಳೆ ಇತ್ತು, ಜೋರ್ಡನ್ನನ ಕೊಟ್ಟಿಗೆಯಿಂದ ನೇರ ಬಂದಿದ್ದ.

"ಈಗ ಭಾವ ಅನ್ನಬಹುದಾ? ಇಲ್ಲ ಇನ್ನೂ ಸ್ವಾಮಿ ಅನ್ನಬೇಕಾ?"

ಮಲಾಕಿ ತಿರುಗಲಿಲ್ಲ. ತಿರುಗಿದ್ದರೆ ವಿನಿ ಬರುವುದು ಕಾಣುತ್ತಿತ್ತು. ಶಾಲು ಹೊದ್ದುಕೊಂಡು ಜನರನ್ನು ಸರಿಸಿ ಮುಂದೆ ಬಂದು ಆಂಬ್ರೋಸನ ಮೇಜಿನ ಮೇಲೆ ಎರಡು ನಾಣ್ಯ ಇಟ್ಟಳು. ತಿಕ್ಕಿ ತಿಕ್ಕಿ ಅವುಗಳ ಮೇಲಿನ ಮುಖ ಅಳಿಸಿಹೋಗಿತ್ತು.

"ಏನಮ್ಮಾ ಇದು?"

"ನ್ಯಾಯಾಧೀಶರ ಕೂಲಿ. ಹದಿನೆಂಟು ಪೆನ್ಸ್. ಇವರು ನನ್ನ ತಮ್ಮನ ಮಗ್ಗದ ಮೇಲೆ ದುಡಿದದ್ದು, ಇವರ ಮೇಲೆ ನೀವು ದುಡೀರಿ."

ಅವಳು ಗಂಡನ ಮುಖ ನೋಡಲಿಲ್ಲ. ತಮ್ಮನ ತೋಳು ಹಿಡಿದುಕೊಂಡು ಹೊರಟುಹೋದಳು, ಮತ್ತೆ ಆ ಶಾಲೆಯ ಕೊಟ್ಟಿಗೆಗೆ ಬರಲಿಲ್ಲ. ಆ ಕೂಲಿ ವಾದಿ ಕೊಡಬೇಕಾದದ್ದು. ಆಂಬ್ರೋಸ್ ಅವಳ ನಾಣ್ಯವನ್ನೂ ಇಟ್ಟುಕೊಂಡ, ಚಿಕ್ಕಪ್ಪನದನ್ನೂ ಇಟ್ಟುಕೊಂಡ.

ಮಲಾಕಿ ಆಮೇಲೆ ಎರಡು ಚಳಿಗಾಲ ಬದುಕಿದ. ನನ್ನ ಒಲೆಯ ಹೆಂಟೆ ಪೇರಿಸುವ ಕೊಟ್ಟಿಗೆಯಲ್ಲಿ ಮಲಗುತ್ತಿದ್ದ, ಆಲೂಗಡ್ಡೆ ಸಿಪ್ಪೆ ಸಮೇತ ತಿನ್ನುತ್ತಿದ್ದ. ದಪ್ಪ ಇಳಿದು ಚರ್ಮ ಜೋತುಬಿತ್ತು. ಕೋರ್ಟಿನ ದಿನ ಬಂತೆಂದರೆ ಮಾತ್ರ ಮುಖ ತೊಳೆದು ಬರುತ್ತಿದ್ದ, ಪಂಚರಲ್ಲಿ ಒಬ್ಬನಾಗಿ ಕೂರಲು. ಪಂಚರಿಗೆ ವಿಸ್ಕಿ ಪುಕ್ಕಟೆಯಲ್ಲವೆ? ಆಂಬ್ರೋಸನಿಗೂ ಅದು ಮೋಜು. ಮಾಜಿ ನ್ಯಾಯಾಧೀಶರ ಅಭಿಪ್ರಾಯ ಏನು ಅಂತ ಎಲ್ಲರ ಮುಂದೆ ಕೇಳುತ್ತಿದ್ದ, ಮಲಾಕಿ ಪ್ರತಿ ಸಲವೂ "ಡಿಕ್ರಿ" ಅನ್ನುತ್ತಿದ್ದ. ಬೇಗ ಅನ್ನುತ್ತಿರಲಿಲ್ಲ, ಬೇಗ ಅಂದರೆ ಲೋಟ ಕಡಿಮೆಯಾಗುತ್ತದೆ.

ಅವನ ಕೊನೆಯ ಚಳಿಗಾಲದ ಒಂದು ಸೋಮವಾರ. ಹೊರಗೆ ಒಬ್ಬ ಮನೆಗಳಿಗೆ ಹುಲ್ಲು ಹೊದಿಸುವವನ ದಾವೆ ನಡೆದಿತ್ತು, ಅವನ ಹೆಂಡತಿ ಅಳುತ್ತಿದ್ದದ್ದು ಒಳಗೆ ಕೇಳುತ್ತಿತ್ತು. ಉಳಿದ ನಾಲ್ವರು ಪಂಚರು ಹಿತ್ತಲಿಗೆ ಹೋಗಿದ್ದರು. ಮಲಾಕಿ ಬೆಂಚಿನ ಮೇಲೆ ಒಬ್ಬನೇ ಇದ್ದ, ಖಾಲಿ ಲೋಟ ಹಿಡಿದುಕೊಂಡು.

"ಅವತ್ತು ನಿನ್ನ ಕಡೆ ನೋಡಿದೆ ಸಬೀನಾ" ಅಂದ.

"ಯಾವತ್ತು?" ಅಂದೆ. ಗೊತ್ತಿದ್ದೂ ಕೇಳಿದೆ.

"ನಾನು ಹೇಳೋ ಹಾಗಿರಲಿಲ್ಲ. ನೀನು ಹೇಳ್ತೀಯ ಅಂತ ಬೇರೆ ಸಾಕ್ಷಿ ಕರಿ ಅಂದೆ. ಒಂದು ಮಾತು ಅಂದಿದ್ರೆ ಸಾಕಾಗಿತ್ತು, ವಜಾ ಮಾಡಿಬಿಡ್ತಿದ್ದೆ. ಮನೆ ಹೋದ್ರೆ ಹೋಗ್ಲಿ ಅಂತ ಮಾಡ್ತಿದ್ದೆ."

"ಸುಳ್ಳು ಬೊಗಳಬೇಡಿ ಮೇಷ್ಟ್ರೇ. ನಿಮ್ಮ ಪಾಪ ನನ್ನ ತಲೆಗೆ ಕಟ್ಟಬೇಡಿ."

"ಒಂದು ಮಾತು" ಅಂದ ಅವನು. ಲೋಟ ಮುಂದೆ ಚಾಚಿದ.

ಒಂದು ಲೋಟ ವಿಸ್ಕಿಗಾಗಿ ಏನು ಬೇಕಾದರೂ ಹೇಳುವ ಹಂತಕ್ಕೆ ಬಂದಿದ್ದ, ಅದು ನನಗೆ ಗೊತ್ತು. ಆದರೆ ಅವತ್ತು ಅವನು ನೋಡಿದ್ದೂ ನಿಜ. ನಾನು ಅದನ್ನು ಯಾರಿಗೂ ಹೇಳಿರಲಿಲ್ಲ, ಅವನೂ ಮರೆತಿದ್ದಾನೆ ಅಂದುಕೊಂಡಿದ್ದೆ. ಅವನ ಲೋಟವನ್ನು ಅಂಚಿನವರೆಗೆ ತುಂಬಿಸಿದೆ. ಹೊರಗಿನ ದಾವೆಗೆ ಇನ್ನೂ ತೀರ್ಪಾಗಿರಲಿಲ್ಲ. ಸೀಮೆಸುಣ್ಣ ತೆಗೆದುಕೊಂಡು ಬಾಗಿಲ ಹಿಂದೆ ಹೋಗಿ, ಹುಲ್ಲು ಹೊದಿಸುವವನ ಲೆಕ್ಕಕ್ಕೆ ಒಂದು ಗೆರೆ ಎಳೆದೆ.